ತಳಕಿನಾಚೆ ಕರೆದ ಹೇಂಟೆ

ದೆವ್ವ, ಗಾಳಿ ಎಂದು ಯಾರಾದರೂ ಬಾಯಿ ತೆರೆದರೆ "ಸಾಕು ಸುಮ್ನಿರ್ರಿ" ಎಂದು ಗದರುತ್ತಿದ್ದವಳು ನಾನು. ಈಗ ನಾನೇ ಹೇಳಹೊರಟಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಮೊಳಕಾಲ್ಮುರಿನಲ್ಲಿ ನಮ್ಮ ಮನೆಯ ಹಿಂದೆ ಸಣ್ಣದೊಂದು ಕೋಳಿ ಶೆಡ್ ಇತ್ತು. ಹಿಂದೆ ತಂದ ಮರಿಗಳೆಲ್ಲ ಸತ್ತಿದ್ದರಿಂದ, "ಈ ಸಲಾನೂ ಹೋದ್ರೆ ಶೆಡ್ ಬಿಚ್ಚಿಸ್ತೀನಿ, ನೋಡು" ಎಂದು ಗಂಡ ಖಡಾಖಂಡಿತವಾಗಿ ಹೇಳಿದ್ದರು. ನನಗೋ ಆ ಕೆಲಸದ ಮೇಲೆ ಪ್ರಾಣ. ಅದಕ್ಕೇ ಚಳ್ಳಕೆರೆಗೆ ನಾನೇ ಹೋಗಿ, ಆಗಷ್ಟೇ ಯಂತ್ರದಲ್ಲಿ ಮೊಟ್ಟೆಯೊಡೆದು ಬಂದ ಮರಿಗಳನ್ನು ತೂತಿನ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿಸಿಕೊಂಡು, ಪರಿಚಯದ ರಿಯಾಜ್‌ನ ಲಗೇಜ್ ಆಟೋದಲ್ಲಿ ಹೊರಟೆ.

ದಾರಿಯಲ್ಲಿ ತಳಕು ಎಂಬ ಊರು ದಾಟಿದ ಮೇಲೆ ಇಂಜಿನ್ ಕಾದು ಗಾಡಿ ನಿಂತಿತು. ಮಟಮಟ ಮಧ್ಯಾಹ್ನ. ಪೆಟ್ಟಿಗೆಗಳನ್ನು ಬೇವಿನ ನೆರಳಿಗಿಳಿಸಿ ಮುಚ್ಚಳ ತೆಗೆದರೆ, ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಇನ್ನೂ ಇರುವುದರಿಂದ ದಾರಿಯಲ್ಲಿ ಮೇವು ಬೇಕಿಲ್ಲ, ನೀರು ಸಾಕು. ಪೇಪರ್ ಹಾಸಿ ಮರಿಗಳನ್ನು ಬಿಟ್ಟು, ಬೆಲ್ಲದ ನೀರಿಗೆ ಒಂದೊಂದರ ಕೊಕ್ಕನ್ನೂ ಅದ್ದಿದೆ. ನುಂಗಲಿಲ್ಲ. ತಾಯಿಯನ್ನೇ ಕಾಣದ ಇಂಥ ಮರಿಗಳಿಗೆ ನಾವು ನುಚ್ಚು ಉದುರಿಸಿ, ಬೆರಳಿನಿಂದ ಟಕಟಕ ಕುಟ್ಟಿ ತಿನ್ನುವುದನ್ನು ಕಲಿಸುತ್ತೇವೆ. ಅದನ್ನೂ ಮಾಡಿದೆ. ಒಂದೂ ಅಲ್ಲಾಡಲಿಲ್ಲ. ಅಯ್ಯೋ, ಕಣ್ಣೆದುರೇ ಹೋಗ್ತಾವಲ್ಲಪ್ಪಾ ಎಂದು ಅಳು ಬಂತು.

ಆಗ ಹೇಂಟೆಯೊಂದು ಕರೆಯಿತು. ಕಾಳು ಕಂಡಾಗ ತಾಯಿಕೋಳಿ ಮರಿಗಳನ್ನು ಕರೆಯುತ್ತದಲ್ಲ, ಅದೇ ಕೊಕ್‌ಕೊಕ್ ಸದ್ದು, ಎದುರಿನ ಹೊಲದಿಂದ. ಬಿದ್ದಿದ್ದ ಮರಿಗಳೆಲ್ಲ ಒಟ್ಟಿಗೆ ಎದ್ದು ಅತ್ತ ತಿರುಗಿದವು.

"ಯಾರ ಕೋಳಿರೀ ಅಕ್ಕಾ ಅದು? ಇಲ್ಲಿ ಒಂದು ಮನೇನೂ ಇಲ್ವಲ್ಲ" ಎಂದ ರಿಯಾಜ್.

"ನೋಡ್ಕೊಂಡು ಬಾರೋ" ಎಂದೆ.

ಅದು ಕಡಲೆಕಾಯಿ ಕಿತ್ತ ಬೋಳು ಹೊಲ. ಅಡಗಲು ಒಂದು ಪೊದೆಯೂ ಇರಲಿಲ್ಲ. ಸದ್ದು ಅವನ ಕಾಲಬುಡದಲ್ಲೇ ಇತ್ತು. "ಅಕ್ಕಾ, ಇಲ್ಲೇ ಕೂಗ್ತಾ ಐತೆ, ಏನೂ ಕಾಣವಲ್ದು! ಯಾ ಅಲ್ಲಾ!" ಎಂದು ಓಡಿ ಬಂದ.

ಅಷ್ಟರಲ್ಲಿ ಮರಿಗಳು ಪೇಪರ್ ದಾಟಿ ಹೊಲದತ್ತ ಓಡತೊಡಗಿದ್ದವು. ಹೆದರಿ ಇಬ್ಬರೂ ಬಾಚಿ ಬಾಚಿ ಪೆಟ್ಟಿಗೆಗೆ ತುಂಬಿದೆವು. ಮುಚ್ಚಳ ಹಾಕುತ್ತಲೇ ಕರೆ ನಿಂತಿತು.

ಇಂಜಿನ್ ತಣ್ಣಗಾದ ಮೇಲೆ ಹೊರಟು ಮನೆ ಸೇರಿದೆವು. ಶೆಡ್ಡಿನಲ್ಲಿ ಬಲ್ಬಿನ ಕಾವು, ನೀರು, ನುಚ್ಚು ಎಲ್ಲ ಸರಿಯಾಗಿತ್ತು. ಒಂದು ಮರಿಯೂ ಮುಟ್ಟಲಿಲ್ಲ. ಎಲ್ಲವೂ ತಳಕಿನ ಕಡೆಯ ಗೋಡೆಗೆ ಒತ್ತಿಕೊಂಡು ಕೂಗುತ್ತಾ ನಿಂತವು. ಎತ್ತಿ ಕಾವಿಗೆ ಬಿಟ್ಟರೆ ಮತ್ತೆ ಅಲ್ಲಿಗೇ ಹೋಗುತ್ತಿದ್ದವು. ಕೈಲಾಗದೆ ಕೂತು ನೋಡಿದೆ. ಒಂದೂ ಉಳಿಯಲಿಲ್ಲ.

ಪಶುವೈದ್ಯರು ಬಿಸಿಲು ಬಡಿದಿದೆ ಎಂದರು. ಇರಬಹುದು. ಗಂಡ ಶೆಡ್ ಬಿಚ್ಚಿಸಿದರು. ಆ ಹೊಲದ ಮಾತು ತೆಗೆದರೆ ರಿಯಾಜ್ ಈಗಲೂ ಎದ್ದು ಹೋಗುತ್ತಾನೆ. ಸಾಯುವ ಮರಿಗಳು ಹಾಗೆ ಓಡುವುದಿಲ್ಲ, ಅಷ್ಟು ನಾನು ಬಲ್ಲೆ. ಅವತ್ತು ಹಿಡಿಯದೆ ಬಿಟ್ಟಿದ್ದರೆ ಅವು ಯಾರ ಹತ್ತಿರ ಹೋಗುತ್ತಿದ್ದವು? ನನಗೆ ಇವತ್ತಿಗೂ ತಿಳಿದಿಲ್ಲ.