ನಡಿಗೆ ನನ್ನದು, ಕತ್ತಿ ಅವರದು

ಬೇರೆಯವರ ಗಂಡಂದಿರು ಇಸ್ಪೀಟು ಹಿಡಿಯುವ ವಯಸ್ಸಿನಲ್ಲಿ ನನ್ನ ಗಂಡ ಕತ್ತಿ ಹಿಡಿದರು, ಅದೂ ಟೀವಿಯೊಳಗೆ. ಬ್ಯಾಡಗಿಯಲ್ಲಿ ಅವರದು ಮೋಟಾರ್ ವೈಂಡಿಂಗ್ ಅಂಗಡಿ. ಗಿರಾಕಿಯೊಬ್ಬರು ಊರು ಬಿಡುವಾಗ ಮಾರಿದ ವಿಡಿಯೊ ಗೇಮಿನ ಯಂತ್ರ ನಮ್ಮ ಮನೆ ಸೇರಿತು. ಅದರೊಳಗೊಬ್ಬ ಜಪಾನಿನ ಸಮುರಾಯ್, ತನ್ನ ಊರು ಹಾಳುಮಾಡಿದವರನ್ನು ಹುಡುಕಿ ಹೊರಟವನು. ಒಂದು ಇಡೀ ಮಳೆಗಾಲ ಆತ ನಮ್ಮ ಮನೆಯಲ್ಲೇ ಇದ್ದ. ಆತ ಸತ್ತ ದಿನ ನಮ್ಮವರು ಮುಖ ಊದಿಸಿಕೊಂಡು ಊಟಕ್ಕೆ ಬರುವರು, ಗೆದ್ದ ದಿನ ಎರಡು ರೊಟ್ಟಿ ಹೆಚ್ಚು ತಿನ್ನುವರು. ಆಟ ಮುಗಿದ ಮೇಲೆ, ಇದಕ್ಕೆ ಎರಡನೇ ಭಾಗ ಬರುತ್ತದೆ, ಅದರಲ್ಲಿ ಮನುಷ್ಯರಲ್ಲ, ದೆವ್ವಗಳ ಜೊತೆಗೇ ಕಾದಾಟ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ಪಂಪ್‌ಸೆಟ್ ಸುಟ್ಟ ಚಿಂತೆಯಲ್ಲಿ ಬಂದ ಗಿರಾಕಿಗಳು, ಪಾಪ, ಅದಕ್ಕೂ ತಲೆಯಾಡಿಸಿ ಹೋಗುತ್ತಿದ್ದರು.

ಎರಡನೇ ಭಾಗ ಬರುವ ಮೊದಲೇ ಅವರಿಗೆ ಲಕ್ವ ಹೊಡೆಯಿತು. ದೇವರು ದೊಡ್ಡವನು, ಮಾತು ಉಳಿಯಿತು, ಕಾಲೂ ಬೇಗ ಸುಧಾರಿಸಿತು. ಹಾವೇರಿಯ ದವಾಖಾನೆಯಿಂದ ಮನೆಗೆ ಬಂದಾಗ ಎಡಗೈಯೊಂದು ಮಾತ್ರ ಮುನಿಸಿಕೊಂಡಂತೆ ತೊಡೆಯ ಮೇಲೆ ಬಿದ್ದಿತ್ತು. ರಾಣೆಬೆನ್ನೂರಿನಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಹೆಣ್ಣುಮಗಳು, "ಬೆರಳಿಗೆ ಕೆಲಸ ಕೊಡ್ರಿ, ಸುಮ್ನ ಕುಂದ್ರಸಬ್ಯಾಡ್ರಿ" ಎಂದು ಪ್ರತಿ ಸಲ ಹೇಳುತ್ತಿದ್ದಳು. ಇವರು ಕೇಳಬೇಕಲ್ಲ! ಅಂಗಿಯ ಗುಂಡಿ ಹಾಕಲು ನಾನು ಹೋದರೆ ಮುಖ ತಿರುಗಿಸುವರು. ಕೊನೆಗೆ ಅಂಗಿಯನ್ನೇ ಬಿಟ್ಟು ಬನಿಯನ್ನಿನಲ್ಲಿ ಕೂತರು, ಅಂಗಡಿಯ ಬಾಗಿಲು ತೆಗೆಯಲೇ ಇಲ್ಲ. ಕೈ ಹೋದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಹೆದರಿಸಿತು. ನನ್ನ ಕೈ ಬೇಡ ಎನ್ನುವವರು ನಾಳೆ ನಾನೇ ಬೇಡ ಎಂದರೆ?

ಅಷ್ಟರಲ್ಲಿ ಆ ಎರಡನೇ ಭಾಗ ಬಂದಿದೆ ಎಂದು ಗೊತ್ತಾಯಿತು. ನಾನೇ ರಾಣೆಬೆನ್ನೂರಿನ ಅಂಗಡಿಗೆ ಹೋದೆ.

"ಒಬ್ಬಾಂವ ಜಪಾನದಾಂವ ದೆವ್ವ ಕಡೀತಾನಲ್ರಿ, ಅದರದು ಎರಡನೇದು ಕೊಡ್ರಿ" ಎಂದೆ.

ಅಂಗಡಿಯಾತ ನನ್ನ ಸೀರೆಯನ್ನೂ ಕೈಚೀಲದಿಂದ ಇಣುಕುತ್ತಿದ್ದ ಮೆಂತ್ಯೆ ಸೊಪ್ಪನ್ನೂ ನೋಡಿ, "ಮಕ್ಕಳಿಗೇನ್ರಿ ಅಕ್ಕಾ?" ಎಂದ.

"ಹೌದ್ರಿ. ನಮ್ಮ ಅತ್ತಿಯವರ ಮಗಗ."

ಮನೆಯಲ್ಲಿ ಇವರು ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕಣ್ಣು ಒಂದು ಗಳಿಗೆ ಹೊಳೆಯಿತು. ಆಮೇಲೆ ಪಕ್ಕಕ್ಕಿಟ್ಟರು. "ಒಂದ ಕೈಲೆ ಆಗೂದಲ್ಲ ಇದು. ಎಡಗೈ ನಡಸಬೇಕು, ಬಲಗೈ ಕಡೀಬೇಕು."

"ನಡಸೂದು ನಾ ನಡಸ್ತೀನಿ, ನೀವು ಕಡೀರಿ."

"ನಿನಗೇನ್ ಬರ್ತದ?"

"ಇಷ್ಟು ವರ್ಷ ಈ ಮನಿ ಯಾರು ನಡಸ್ಯಾರ?"

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ ಕಿಸಕ್ಕನೆ ನಕ್ಕರು. ತಾಯಿ ನಕ್ಕ ಮೇಲೆ ಮಗನಿಗೆ ದಾರಿ ಉಳಿಯಲಿಲ್ಲ.

ಹೀಗೆ ಅವರ ಎಡಕ್ಕೆ ಕೂತು, ಒಂದೇ ಕಂಟ್ರೋಲರಿನ ಎಡತುದಿ ನಾನು, ಬಲತುದಿ ಅವರು ಹಿಡಿದೆವು. ಮೊದಲ ಸಂಜೆಯೆಲ್ಲ ಆ ವೀರ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ಎರಡನೇ ಸಂಜೆ ಹಾಳು ಕೋಟೆಯೊಂದರಲ್ಲಿ ಕೆಂಪು ಕಣ್ಣಿನ ದೆವ್ವ ಎದುರಾಯಿತು. ನಾನು ಸಮುರಾಯನನ್ನು ಗರ್ರನೆ ತಿರುಗಿಸಿ ಓಡಿಸಿದೆ. ಇವರ ಕತ್ತಿ ಗಾಳಿಯನ್ನು ಕಡಿಯಿತು.

"ಯಾಕ ಓಡ್ತೀ? ತಿರುಗು, ತಿರುಗು!"

"ದೆವ್ವ ಬೆನ್ನು ಹತ್ತಿದಾಗ ತಿರುಗಿ ನೋಡಬಾರದ್ರಿ!"

"ನೋಡದ ಹೆಂಗ ಕಡೀಲೇ?"

ಅತ್ತೆ ನನ್ನ ಪಕ್ಷ. "ಆಕಿ ಹೇಳೂದು ಖರೇ ಐತಿ ತಮ್ಮಾ. ತಿರುಗಿ ನೋಡಿದ್ರ ಮೈಮ್ಯಾಲೆ ಬರ್ತದ. ಸೀದಾ ಹೋಗ್ಲಿ ಬಿಡು."

ಏನು ಮಾಡಲಿ, ಹುಟ್ಟಿದಾಗಿನಿಂದ ಕೇಳಿದ ಮಾತು. ದೃಷ್ಟಿ ತೆಗೆದು ಮೂರು ದಾರಿ ಕೂಡುವಲ್ಲಿ ಚೆಲ್ಲಿದ ಮೇಲೂ ಹಿಂತಿರುಗದೆ ಮನೆಗೆ ಬರುವವರು ನಾವು. ಬುದ್ಧಿ ತಿರುಗು ಎಂದರೂ ಹೆಬ್ಬೆರಳು ಕೇಳುತ್ತಿರಲಿಲ್ಲ. ಆ ವಾರ ಸಮುರಾಯ್ ಜಪಾನನ್ನೆಲ್ಲ ಓಡಿಯೇ ಸುತ್ತಿದ. ಇವರು ಬೈದರು, ತಲೆ ಚಚ್ಚಿಕೊಂಡರು, ಕೊನೆಗೆ ನಗಲು ಶುರುಮಾಡಿದವರು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ದವಾಖಾನೆಯಿಂದ ಬಂದಮೇಲೆ ಅವರು ನಕ್ಕದ್ದು ಅದೇ ಮೊದಲು. ಬೈಸಿಕೊಳ್ಳುವುದು ಅಷ್ಟು ಹಿತವಾಗಿರಬಹುದೆಂದು ನನಗೆ ಗೊತ್ತಿರಲಿಲ್ಲ.

ಇನ್ನೊಂದು ಎಡವಟ್ಟೂ ನನ್ನದೇ. ನನಗೆ ಖಾರದಪುಡಿ ಮಾಡಿಕೊಡುವ ಸಣ್ಣ ಗಿರಣಿಯಿದೆ. ಒಂದು ಸಂಜೆ ಆಟದ ಅವಸರದಲ್ಲಿ ಕೈಗೆ ಬರೀ ನೀರು ತೋರಿಸಿ ಬಂದು ಕೂತೆ. ಕಂಟ್ರೋಲರಿಗೆ ಹತ್ತಿದ ಖಾರ ಅವರ ಬಲಗೈಗೂ ಹತ್ತಿತು, ಆ ಕೈಯಲ್ಲಿ ಅವರು ಕಣ್ಣು ಒರೆಸಿಕೊಂಡರು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರಿಗೆ ಹೇಳಿ ಮಾರುತ್ತೇವೆ. ಕಣ್ಣಿಗೆ ಬಿದ್ದವರನ್ನು ಕೇಳಬೇಕು. "ಯವ್ವಾ, ಇದಕ್ಕಿಂತ ಆ ದೆವ್ವನ ಪಾಡಿತ್ತು!" ಎಂದು ಅಂಗಳದಲ್ಲಿ ಕುಣಿದರು. ಮರುದಿನದಿಂದ ಆಟಕ್ಕೆ ಮೊದಲು ನನ್ನ ಕೈಗೆ ಕೊಬ್ಬರಿ ಎಣ್ಣೆ ಸುರಿದು, ಸಾಬೂನು ಕೊಟ್ಟು, ಉಗುರು ನೋಡುವ ಕೆಲಸ ಅವರದಾಯಿತು.

ಅದಾಗಿ ಕೆಲವು ದಿನಕ್ಕೆ, ಬೆಳಿಗ್ಗೆ ಅಂಗಿ ತೊಟ್ಟು ನನ್ನೆದುರು ಬಂದು ನಿಂತು, "ಗುಂಡಿ ಹಾಕು, ಅಂಗಡಿಗೆ ಹೊತ್ತಾತು" ಎಂದರು. ಹಾಕಿದೆ. ಕೊರಳ ಗುಂಡಿಯನ್ನೂ ಬಿಡಲಿಲ್ಲ.

ದಿನಗಳು ಹೋದವು. ನನ್ನ ಹೆಬ್ಬೆರಳು ಎದುರು ನಿಲ್ಲುವುದನ್ನು ಅರ್ಧಂಬರ್ಧ ಕಲಿಯಿತು. ಒಂದು ಮಧ್ಯಾಹ್ನ ಗಿರಣಿಯ ಪಟ್ಟಾ ಹರಿಯಿತೆಂದು ಬೇಗ ಮನೆಗೆ ಬಂದರೆ ಒಳಗೆ ಟೀವಿಯ ಸದ್ದು. ಬಾಗಿಲಲ್ಲೇ ನಿಂತೆ. ಮೂಲೆಯಲ್ಲಿ ಅತ್ತೆ ಎಂದಿನಂತೆ ಬತ್ತಿ ಹೊಸೆಯುತ್ತಿದ್ದರು, ಇವರು ಎರಡೂ ಕೈಯಲ್ಲಿ ಕಂಟ್ರೋಲರ್ ಹಿಡಿದು ಕೂತಿದ್ದರು. ತೆರೆಯ ಮೇಲೆ ಸಮುರಾಯ್ ಕುಡಿದವನಂತೆ ಓಲಾಡುತ್ತ, ಆದರೂ ತಾನೇ ನಡೆಯುತ್ತಿದ್ದ. ಅವರ ಎಡ ಹೆಬ್ಬೆರಳು ಅಲುಗುತ್ತಿತ್ತು.

ಆ ಕೈ ಬರಲೆಂದು ಹರಕೆ ಹೊತ್ತವಳು ನಾನೇ. ಸಂತೋಷವಾಯಿತು. ಅದರ ಹಿಂದೆಯೇ, ಸುಳ್ಳೇಕೆ ಹೇಳಲಿ, ಸಂಕಟವೂ ಆಯಿತು. ಸಂಜೆಗಳು ಮುಗಿದವಲ್ಲ ಎನಿಸಿತು.

"ಕೈ ಬಂತಲ್ರಿ! ಇನ್ನ ನನ್ನ ಕೆಲಸ ಮುಗೀತು" ಎಂದೆ, ನಗುತ್ತಲೇ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಸ್ವಲ್ಪ ಸರಿದು ಕೂತು ಕಂಟ್ರೋಲರಿನ ಎಡತುದಿಯನ್ನು ನನ್ನತ್ತ ಚಾಚಿದರು. "ಬಾ, ಹಿಡಿ."

"ಮತ್ತ ನಿಮ್ಮ ಕೈ?"

"ಅದಕ್ಕ ಬ್ಯಾರೆ ಕೆಲಸ ಐತಿ."

ಆ ಎಡಗೈ ನಿಧಾನವಾಗಿ ಎದ್ದಿತು. ನಡುವೆ ಒಮ್ಮೆ ನಿಂತಿತು, ಮತ್ತೆ ಎದ್ದು ನನ್ನ ಹೆಗಲ ಸುತ್ತ ಬಂದು ಕೂತಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ತಾಯಿಯ ಎದುರು ನನ್ನ ಸೆರಗಿನ ಅಂಚನ್ನೂ ಮುಟ್ಟಿದವರಲ್ಲ ಅವರು.

ಹೊರಗೆ ಮಟಮಟ ಮಧ್ಯಾಹ್ನದ ಬಿಸಿಲು. "ದೀಪ ಹಚ್ಚೂ ಹೊತ್ತಾತು" ಎನ್ನುತ್ತ ಅತ್ತೆ ಎದ್ದು ದೇವರ ಕೋಣೆಗೆ ಹೋದರು.