ಚಂದ್ರಮತಿಯ ಕುದುರೆ ಘಟ್ಟ ಹತ್ತಿದ್ದು

ಯಡ್ತರೆಯ ಚಂದ್ರಮತಿ ಶೆಡ್ತಿ ಬೈಂದೂರು ಪೇಟೆಗೆ ಹೊರಟಳೆಂದರೆ ಹಿಂದೆಯೇ ಅವಳ ಕುದುರೆಯೂ ಹೊರಡುತ್ತಿತ್ತು. ಹಗ್ಗವಿಲ್ಲ, ಲಗಾಮಿಲ್ಲ. ಬೆನ್ನಿನ ಎರಡು ಬದಿಗೂ ತೆಂಗಿನಕಾಯಿಯ ಗೋಣಿ ತೂಗಿಬಿಟ್ಟರೆ ಸಾಕು, ತಲೆ ತಗ್ಗಿಸಿಕೊಂಡು ಅವಳ ಹೆಜ್ಜೆಗೆ ಹೆಜ್ಜೆ ಸೇರಿಸಿ ಬರುತ್ತಿತ್ತು. ನೋಡುವುದಕ್ಕೆ ದೊಡ್ಡದೇನಲ್ಲ. ಪಕ್ಕದಲ್ಲಿ ನಿಂತರೆ ಬೆನ್ನು ಚಂದ್ರಮತಿಯ ಭುಜದವರೆಗೂ ಬರುತ್ತಿರಲಿಲ್ಲ. ಕಂದು ಮೈ, ಗಟ್ಟಿ ಗೊರಸು, ಪೊರಕೆಯ ಹಾಗೆ ಒರಟಾದ ಕುತ್ತಿಗೆಗೂದಲು. ಹೆಸರು ಚಿಮಣಿ.

ಊರಿನವರು ಇದೆಂತ ಹೆಸರು, ಸೀಮೆಎಣ್ಣೆ ದೀಪದ್ದಾ ಎಂದು ನಗುತ್ತಿದ್ದರು. ಮರಾಠಿಯಲ್ಲಿ ಚಿಮಣಿ ಎಂದರೆ ಗುಬ್ಬಿ ಎಂದು ಚಂದ್ರಮತಿ ಹೇಳಿ ಹೇಳಿ ಸಾಕಾಗಿ, ಕೊನೆಗೆ ಹೇಳುವುದನ್ನೇ ಬಿಟ್ಟಿದ್ದಳು.

ಅವಳು ಮತ್ತು ಗಂಡ ಲೀಲಾಧರ ಶೆಟ್ಟರು ಮದುವೆಯಾದ ಹೊಸದರಲ್ಲೇ ಮಹಾರಾಷ್ಟ್ರದ ಫಲಟಣಕ್ಕೆ ಹೋಗಿ ರಸ್ತೆಬದಿಯಲ್ಲಿ ಹೋಟೆಲ್ ಇಟ್ಟವರು. ಹೋಟೆಲಿನ ಹಿಂದೆ ಬಯಲು. ಮಳೆಗಾಲ ಮುಗಿಯುತ್ತಿದ್ದಂತೆ ಅಲ್ಲಿ ಕುರಿಗಾಹಿಗಳು ಬಂದು ಬಿಡಾರ ಹೂಡುತ್ತಿದ್ದರು. ಕುರಿಗಳ ಹಿಂದೆ ಗಿಡ್ಡ ಕುದುರೆಗಳ ಸಾಲು. ಪಾತ್ರೆಪಗಡಿ, ಡೇರೆ, ಕೋಳಿ, ನಡೆಯಲಾರದ ಕುರಿಮರಿ, ಒಮ್ಮೊಮ್ಮೆ ಹಸುಗೂಸು, ಎಲ್ಲವೂ ಅವುಗಳ ಬೆನ್ನ ಮೇಲೇ. ಆ ಗುಂಪಿನ ಸಾಳುಬಾಯಿ ಎಂಬ ಹೆಂಗಸು ಬೆಣ್ಣೆ ಮಾರಲು ಹೋಟೆಲಿಗೆ ಬಂದವಳು, ಚಂದ್ರಮತಿಗೆ ಗೆಳತಿಯಾದಳು. ಕುದುರೆಗೆ ಹೊರೆ ಕಟ್ಟುವುದು, ಗೊರಸು ನೋಡುವುದು, ಜೀನಿಲ್ಲದೆ ಹತ್ತಿ ಕೂರುವುದು, ಇದನ್ನೆಲ್ಲ ಕಲಿಸಿದವಳು ಅವಳೇ.

ರಸ್ತೆ ಅಗಲವಾಗುವಾಗ ಹೋಟೆಲ್ ಹೋಯಿತು. ಅದೇ ವರ್ಷ ಸಾಳುಬಾಯಿಯ ಮಕ್ಕಳು ಟೆಂಪೊ ಕೊಂಡು ಕುದುರೆಗಳನ್ನೆಲ್ಲ ಮಾರಿದರು. ಒಂದನ್ನು ಮಾತ್ರ ಸಾಳುಬಾಯಿ ಸಂತೆಗೆ ಹೋಗಗೊಡಲಿಲ್ಲ. ಸಾಮಾನು ತುಂಬಿದ ಲಾರಿ ಹೊರಡುವ ಹೊತ್ತಿಗೆ ಅದನ್ನು ಹಿಡಿದುಕೊಂಡು ಬಂದು, "ನನ್ನ ಅಜ್ಜಿಯ ಕಾಲದಿಂದ ಬಂದ ಕುದುರೆಯ ಪೈಕಿ ಇದು. ನೀನು ತಗೊಂಡು ಹೋಗು" ಎಂದಳು. ಗ್ರೈಂಡರು, ಇಡ್ಲಿ ಪಾತ್ರೆಗಳ ನಡುವೆ ನಿಂತುಕೊಂಡೇ ಚಿಮಣಿ ಘಟ್ಟ ಇಳಿದು ಕಡಲಬದಿಗೆ ಬಂತು.

ಲಾರಿಯಿಂದ ಇಳಿಸುವಾಗ ಪಕ್ಕದ ಮನೆಯ ಪದ್ದು, ತರುವುದಾದರೆ ಆನೆಯನ್ನೇ ತರಬಹುದಿತ್ತಲ್ಲ ಎಂದು ಬೇಲಿಯ ಆಚೆಯಿಂದ ಕುಚೋದ್ಯ ಮಾಡಿದ್ದಳು.

"ಹ್ವಾಯ್ ಶೆಡ್ತೇರೆ, ಆನಿ ತಪ್ಪುಕೆ ಆಯ್ಲಿಲ್ಯಾ?"

ಆಮೇಲೆ ಏಳೆಂಟು ವರ್ಷ ಕಳೆಯಿತು. ನಗುತ್ತಿದ್ದವರಿಗೂ ಕುದುರೆ ಅಭ್ಯಾಸವಾಗಿಹೋಯಿತು. ಪಿಕಪ್ ಓಡಿಸುವ ಯೋಗೀಶ್ ಒಂದು ದಿನ ಚಿಮಣಿ ಕಾಯಿ ಹೊತ್ತು ತೋಡಿನ ನೀರು ದಾಟುವ ವಿಡಿಯೊ ಮಾಡಿ ಫೋನಿನಲ್ಲಿ ಹರಿಯಬಿಟ್ಟ. ಅದಾಗಿ ವಾರವೂ ಆಗಿರಲಿಲ್ಲ, ಚಂದ್ರಮತಿಗೆ ಪುಣೆಯಿಂದ ಕರೆ ಬಂತು. ಮರಾಠಿಯಲ್ಲಿ ಮಾತಾಡಬೇಕೇನೋ ಎಂದುಕೊಳ್ಳುತ್ತಿರುವಾಗಲೇ ಆಚೆ ಕಡೆಯ ಹೆಣ್ಣುದನಿ ಅಚ್ಚ ಕುಂದಾಪ್ರ ಕನ್ನಡದಲ್ಲಿ ಕೇಳಿತು.

"ಅಕ್ಕ, ಆ ಕುದ್ರಿ ನಿಮ್ಗೆ ಎಲ್ ಸಿಕ್ತ್?"

ಅವಳು ಡಾಕ್ಟರ್ ಅನಿಷಾ. ಬ್ರಹ್ಮಾವರದ ಹುಡುಗಿ, ಪುಣೆಯಲ್ಲಿ ಪಶುವೈದ್ಯ ಸಂಶೋಧಕಿ. ಕುರಿಗಾಹಿಗಳ ಈ ಗಿಡ್ಡ ಕುದುರೆ ತಳಿಯನ್ನು ಉಳಿಸಲು ಅಲ್ಲಿ ಒಂದು ಸಂಘ ಹುಟ್ಟಿಕೊಂಡಿತ್ತು. ಊರೂರು ಅಲೆದು ಕುದುರೆಗಳನ್ನು ಅಳೆದು, ತಂದೆತಾಯಿಯ ಗುರುತು ಹಿಡಿದು, ನೋಂದಣಿ ಮಾಡುವ ಕೆಲಸ. ಅನಿಷಾ ರಜೆಗೆ ಊರಿಗೆ ಬಂದವಳು ಮಾರನೆಯ ದಿನವೇ ಯಡ್ತರೆಗೆ ಓಡಿಬಂದಳು. ಹಟ್ಟಿಯ ಬಾಗಿಲಲ್ಲಿ ಚಿಮಣಿಯನ್ನು ಕಂಡವಳು ಕೈಯಲ್ಲಿದ್ದ ಚೀಲವನ್ನು ಕೆಳಗಿಡುವುದನ್ನೂ ಮರೆತು ಅದರ ಸುತ್ತ ಒಂದು ಸುತ್ತು ಬಂದಳು.

"ಕಾಣಿ ಅಕ್ಕ, ಈ ಕಿವಿ, ಈ ಎದಿ. ಇಂಥದ್ ಒಂದ್ ಕಾಂಬುಕೆ ನಾವ್ ಎಷ್ಟ್ ತಿರ್ಗಿತ್ ಅಂದೇಳಿ ನಿಮ್ಗೆ ಗೊತ್ತಿಲ್ಲೆ."

ಜಗಲಿಯಲ್ಲಿ ಕೂತು ಚಾ ಕುಡಿಯುತ್ತ ಅವಳು ಸಂಗತಿಯನ್ನೆಲ್ಲ ಹೇಳಿದಳು. ಉಳಿದಿರುವ ಕುದುರೆಗಳೇ ಕಡಿಮೆ. ಹತ್ತಿರದ ಸಂಬಂಧದಲ್ಲೇ ಮರಿಗಳಾಗಿ ರಕ್ತದಲ್ಲಿ ಒಂದು ದೋಷ ಹರಡಿಬಿಟ್ಟಿದೆ. ಮರಿ ಹುಟ್ಟುವಾಗ ಚೆನ್ನಾಗಿಯೇ ಇರುತ್ತದೆ, ಕೆಲವು ವಾರ ಕಳೆಯುತ್ತಲೇ ಯಾವ ಸೋಂಕನ್ನೂ ತಡೆಯಲಾರದೆ ಸಾಯುತ್ತದೆ. ತಾಯಿ ತಂದೆ ಇಬ್ಬರಿಂದಲೂ ಆ ದೋಷದ ಎಳೆ ಬಂದರೆ ಮಾತ್ರ ಹೀಗೆ. ಒಬ್ಬರಿಂದ ಬಂದರೆ ಮರಿಗೆ ಏನೂ ಆಗುವುದಿಲ್ಲ, ಎಳೆ ಮಾತ್ರ ಒಳಗೆ ಉಳಿಯುತ್ತದೆ. ಯಾವ ಕುದುರೆಯಲ್ಲಿ ಅದು ಇದೆ, ಯಾವುದರಲ್ಲಿ ಇಲ್ಲ ಎನ್ನುವುದು ಕೂದಲಿನ ಬುಡ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ.

ಚಂದ್ರಮತಿ ತಾನೇ ಚಿಮಣಿಯ ಕುತ್ತಿಗೆಯಿಂದ ಒಂದಿಷ್ಟು ಕೂದಲನ್ನು ಬುಡಸಮೇತ ಕಿತ್ತು ಕೊಟ್ಟಳು. ಚಿಮಣಿ ಒಮ್ಮೆ ತಿರುಗಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

ಫಲಿತಾಂಶ ಬಂದ ದಿನ ಅನಿಷಾ ಫೋನಿನಲ್ಲಿ ತುಸು ತಡವರಿಸಿದಳು. ಚಿಮಣಿಯಲ್ಲಿ ಆ ಎಳೆ ಇತ್ತು. ಆದರೆ ಹುಡುಗಿಯ ಮಾತು ಮುಗಿದಿರಲಿಲ್ಲ.

"ಇನ್ನೊಂದ್ ಇತ್ತ್ ಅಕ್ಕ. ತಾಯಿಂದ ಮಗಳಿಗೆ ಮಾತ್ರ ದಾಟು ಗುರ್ತ್ ಒಂದ್ ಇರತ್ತ್. ಚಿಮಣಿ ಗುರ್ತ್ ನಮ್ಮ ನೋಂದಣಿ ಒಳ್ಗಿನ ಬೇರೆ ಯಾವ ಕುದ್ರಿಗೂ ಇಲ್ಲೆ. ಆ ಸಂತಾನದಾಗೆ ಉಳ್ದದ್ದ್ ಇದೊಂದೇ."

"ಅಂದ್ರೆ, ನಮ್ಮ ಬಳಿ ಇದ್ದಂಗೆ" ಎಂದಳು ಚಂದ್ರಮತಿ. ಬಂಟರ ಮನೆಯ ಹೆಣ್ಣಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಬಳಿ ಎಂದರೆ ತಾಯಿಯ ಕಡೆಯಿಂದ ಬರುವ ಗೋತ್ರದಂಥದ್ದು. ಅದು ಮಗಳಿಂದ ಮಗಳಿಗೆ ನಡೆಯುತ್ತದೆ, ಗಂಡು ಎಷ್ಟು ಹುಟ್ಟಿದರೂ ಅದನ್ನು ಮುಂದೆ ದಾಟಿಸಲಾರದು.

"ಸರಿಯಾಯ್ ಹೇಳಿದ್ರಿ" ಎಂದು ಅನಿಷಾ ನಕ್ಕಳು. ಆ ದೋಷವೇ ಇಲ್ಲದ ಒಂದು ಗಂಡು ಕುದುರೆ ಫಲಟಣದ ಹತ್ತಿರ ಇತ್ತು. ಅದರ ಜೊತೆ ಬಿಟ್ಟರೆ ಹುಟ್ಟುವ ಮರಿ ಸಾಯುವ ಭಯವಿಲ್ಲ. ದೋಷದ ಎಳೆಯೂ ಇಲ್ಲದೆ ಹುಟ್ಟುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಹೆಣ್ಣೇ ಆಗಬೇಕು. ಚಿಮಣಿಗೆ ವಯಸ್ಸಾಗುತ್ತಿರುವುದರಿಂದ ಎರಡನೆಯ ಸಲ ಸಾಧ್ಯವಾಗುತ್ತದೆಂದು ಹೇಳಲಾಗದು.

ಲೀಲಾಧರ ಶೆಟ್ಟರಿಗೆ ಇದು ಹಿಡಿಸಲಿಲ್ಲ. "ಪ್ರಾಯ ಆಯ್ತ್ ಅದ್ಕೆ. ಹುಲ್ ತಿಂದ್ಕಂಡ್ ಸುಮ್ನೆ ಇರ್ಲಿ" ಎಂದರು.

ಮೂರನೆಯ ದಿನ ಚಂದ್ರಮತಿ ಬೈಂದೂರಿನ ದನದ ಡಾಕ್ಟರನ್ನು ಮನೆಗೆ ಕರೆಸಿದಳು. ಅವರು ಎದೆ, ಹೊಟ್ಟೆ, ಹಲ್ಲು ಎಲ್ಲ ನೋಡಿ, ಈ ಕುದುರೆ ಪ್ರಾಯಕ್ಕಿಂತ ಗಟ್ಟಿ ಇದೆ, ಜಾಗ್ರತೆಯಿಂದ ನೋಡಿಕೊಂಡರೆ ತೊಂದರೆಯಿಲ್ಲ ಎಂದರು. ಅವರನ್ನು ಗೇಟಿನವರೆಗೆ ಕಳಿಸಿ ಬಂದ ಚಂದ್ರಮತಿ ಗಂಡನಿಗೆ ಇಷ್ಟೇ ಹೇಳಿದಳು: "ನಾ ಹೋತೆ. ನೀವ್ ಬತ್ರ್ಯಾ, ಇಲ್ಯಾ?"

ಶೆಟ್ಟರು ಬರಲಿಲ್ಲ. ಆದರೆ ಯೋಗೀಶನ ಪಿಕಪ್ಪಿನ ನೆಲಕ್ಕೆ ಬೈಹುಲ್ಲು ದಪ್ಪನಾಗಿ ಹಾಸಿ, ಬದಿಗಳಿಗೆ ಹಳೆಯ ಹಾಸಿಗೆ ಕಟ್ಟಿದವರು ಅವರೇ.

ಅಂಕೋಲಾ ದಾಟಿ ಘಟ್ಟದ ತಿರುವು ಶುರುವಾದಾಗ ಚಂದ್ರಮತಿ ಮುಂದಿನ ಸೀಟು ಬಿಟ್ಟು ಹಿಂದೆ ಹೋಗಿ ಚಿಮಣಿಯ ಪಕ್ಕ ನಿಂತಳು. ಹುಬ್ಬಳ್ಳಿಯಲ್ಲಿ, ಕೊಲ್ಹಾಪುರದಲ್ಲಿ ಇಳಿಸಿ ನೀರು ಕುಡಿಸಿ ನಡೆದಾಡಿಸಿದರು. ನಿಲ್ಲಿಸಿದಲ್ಲೆಲ್ಲ ಜನ ಮುತ್ತಿಕೊಳ್ಳುತ್ತಿದ್ದರು. ಎಲ್ಲಿಗೆ ಎಂದು ಕೇಳಿದವರಿಗೆಲ್ಲ ಯೋಗೀಶ್, "ಹೆಣ್ಣಿನ ದಿಬ್ಬಣ" ಎಂದು ಉತ್ತರಿಸುತ್ತಿದ್ದ. ಸಾತಾರ ದಾಟಿ ಒಣಗಾಳಿ ಮುಖಕ್ಕೆ ಬಡಿದದ್ದೇ ಚಿಮಣಿ ಮೂಗಿನ ಹೊಳ್ಳೆ ಅರಳಿಸಿ ಎದ್ದು ನಿಂತಿತು. ಅಲ್ಲಿಂದ ಮುಂದೆ ಅದು ಒಂದು ಕಡೆ ನಿಲ್ಲಲೇ ಇಲ್ಲ.

ಸಾಳುಬಾಯಿ ಊರ ಬಾಗಿಲಲ್ಲೇ ಕಾದಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವಳು ಗೆಳತಿಯನ್ನು ಮಾತಾಡಿಸುವ ಮೊದಲು ಕುದುರೆಯ ಹಣೆಗೆ ಹಣೆ ಹಚ್ಚಿ ನಿಂತಳು. ಚಂದ್ರಮತಿಗೆ ಇದರಿಂದ ಬೇಸರವಾಗಲಿಲ್ಲ.

ಅಲ್ಲಿ ಒಂದು ತಿಂಗಳ ಮೇಲೆ ನಿಲ್ಲಬೇಕಾಯಿತು. ಸರ್ಜಾ ಎಂಬ ಆ ಗಂಡು ಕುದುರೆ ಕಪ್ಪಗೆ ಮಿಂಚುತ್ತಿತ್ತು. ಮೊದಲ ದಿನ ಚಿಮಣಿ ಅದಕ್ಕೆ ಚೆನ್ನಾಗಿ ಒದೆಯಿತು. ದಿನ ಕಳೆದಂತೆ ಎರಡೂ ಒಂದೇ ಮರದ ನೆರಳಿನಲ್ಲಿ ನಿಂತವು. ಕೊನೆಗೆ ಅನಿಷಾ ಸ್ಕ್ಯಾನ್ ಮಾಡುವ ಯಂತ್ರ ತಂದಳು. ಪುಟ್ಟ ಪರದೆಯ ಬೂದು ಮಂಜಿನ ನಡುವೆ ಕಪ್ಪಗೆ ಒಂದು ದುಂಡನೆಯ ಚುಕ್ಕೆ. "ಕಾಣಿ" ಎಂದಳು ಅನಿಷಾ. ಚಂದ್ರಮತಿ ಕಂಡಳು. ಕಂಡವಳೇ ಹೊರಗೆ ಓಡಿಬಂದು ಗಂಡನಿಗೆ ಫೋನು ಮಾಡಿದಳು. ಏನು ಹೇಳಿದೆನೆಂದು ಆಮೇಲೆ ಅವಳಿಗೇ ನೆನಪಿರಲಿಲ್ಲ. ಯಡ್ತರೆಗೆ ಮರಳಿ ಬಂದಾಗ ಹಟ್ಟಿಗೆ ಸುಣ್ಣ ಬಳಿದಾಗಿತ್ತು, ಮಾಡಿಗೆ ಹೊಸ ಶೀಟು ಬಿದ್ದಿತ್ತು, ಒಳಗೆ ಫ್ಯಾನು ತಿರುಗುತ್ತಿತ್ತು.

ಆ ಮಳೆಗಾಲವಿಡೀ ಯಡ್ತರೆಯ ಆ ಓಣಿಯಲ್ಲಿ ಬೇರೆ ಮಾತಿರಲಿಲ್ಲ. ಪದ್ದು ದಿನಾ ಬೇಯಿಸಿದ ಹುರುಳಿ ತಂದು ಕೊಡುವಳು. ಹೆಣ್ಣಾ ಗಂಡಾ ಎಂದು ಪಂಥ ಕಟ್ಟುವವರಿದ್ದರು. ಚಂದ್ರಮತಿ ಅಂಥವರನ್ನು ಗದರಿ ಕಳಿಸುತ್ತಿದ್ದಳು. ಒಳಗೊಳಗೇ ಮಾತ್ರ ಅವಳ ಮನಸ್ಸೂ ಅದನ್ನೇ ಕೇಳುತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಂದು ದಿನ ಬೆಳಕು ಹರಿಯುವಾಗ ಚಿಮಣಿ ಬೆವರತೊಡಗಿತು. ಚಂದ್ರಮತಿ ಫೋನನ್ನು ಕಂಬಕ್ಕೆ ಒರಗಿಸಿ ಪುಣೆಯಲ್ಲಿದ್ದ ಅನಿಷಾಳಿಗೆ ವಿಡಿಯೊ ಕರೆ ಮಾಡಿದಳು. ಚಿಮಣಿ ಮಲಗಿತು, ಎದ್ದಿತು, ಮತ್ತೆ ಮಲಗಿತು. ಮೊದಲು ಎರಡು ಪುಟ್ಟ ಗೊರಸು ಕಂಡವು, ಆಮೇಲೆ ಮೂಗು. "ಎಳೂದ್ ಬೇಡ ಅಕ್ಕ, ಅದೇ ಬತ್ತ್" ಎಂದಳು ಅನಿಷಾ. ಹುಲ್ಲಿನ ಮೇಲೆ ಒದ್ದೆಯಾದ ಉದ್ದುದ್ದ ಕಾಲಿನ ರಾಶಿಯೊಂದು ಜಾರಿಬಿತ್ತು. ಚಂದ್ರಮತಿ ಮೂಗು ಬಾಯಿ ಒರೆಸಿ, ಬಾಲ ಎತ್ತಿ ನೋಡಿದಳು.

"ಹೆಣ್ಣ್" ಎಂದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. ಹಿಂದೆ ನಿಂತಿದ್ದ ಶೆಟ್ಟರು ತಲೆಯ ಬೈರಾಸು ತೆಗೆದು ಮರಿಯ ಮೈ ಒರೆಸಲು ಕೂತರು. ಮರಿ ಎದ್ದು ಬಿದ್ದು, ಎದ್ದು ಬಿದ್ದು, ಕೊನೆಗೆ ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಊರಿ ನಿಂತಿತು.

ಮರಿಯ ಕೂದಲು ಪುಣೆಗೆ ಹೋಯಿತು. ಉತ್ತರ ಬಂದಾಗ ಚಂದ್ರಮತಿ ಬೈಂದೂರಿನ ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆ ಆರಿಸುತ್ತಿದ್ದಳು.

"ಅಕ್ಕ, ಇಲ್ಲೆ" ಎಂದಳು ಅನಿಷಾ. "ಆ ದೋಷ ಮರಿಗೆ ಇಲ್ಲೆ. ಪೂರಾ ಚೊಕ್ಕ."

ಚಂದ್ರಮತಿ ಒದ್ದೆ ಕೈಯಲ್ಲೇ ಫೋನನ್ನು ಬಿಗಿಹಿಡಿದು ನಿಂತುಬಿಟ್ಟಳು. ಮೀನು ಮಾರುವ ನಾಗು, "ಎಂತ ಆಯ್ತ್ ಅಕ್ಕ?" ಎಂದು ಗಾಬರಿಯಿಂದ ಕೇಳಿದಳು. ಚಂದ್ರಮತಿ ಅವಳಿಗೆ ಸರ್ಜಾ, ಚಿಮಣಿ, ಎಳೆ, ಬಳಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ನಾಗುವಿಗೆ ಎಷ್ಟು ತಿಳಿಯಿತೋ, ಬುಟ್ಟಿಯಿಂದ ದೊಡ್ಡ ಬಂಗುಡೆಯೊಂದನ್ನು ಎತ್ತಿ ಸುಮ್ಮನೆ ಅವಳ ಚೀಲಕ್ಕೆ ಹಾಕಿದಳು.

ಮರಿ ತಾಯಿಯ ಹಾಲು ಬಿಟ್ಟ ಮೇಲೆ ಸಂಘದವರು ಬಂದು ಎರಡನ್ನೂ ಅಳೆದರು, ಫೋಟೊ ತೆಗೆದರು, ಕುತ್ತಿಗೆಯ ಚರ್ಮದಡಿ ಅಕ್ಕಿಕಾಳಿನಷ್ಟು ಚಿಪ್ ಕೂರಿಸಿದರು. ಒಂದೊಂದು ತಾಯಿಸಂತಾನವನ್ನೂ ಅದು ಮೊದಲು ನೋಂದಣಿಯಾದ ಊರಿನ ಹೆಸರಿನಿಂದ ಕರೆಯುವುದು ಅವರ ಕ್ರಮ. ಹಾಗಾಗಿ ಬಯಲುಸೀಮೆಯ ಊರುಗಳ ನಡುವೆ ಕಡಲಬದಿಯ ಯಡ್ತರೆಯೂ ಸೇರಿಕೊಂಡಿತು. ಮರಿಗೆ ಚಂದ್ರಮತಿ ಮೈನಾ ಎಂದು ಹೆಸರಿಟ್ಟಳು.

ಆ ಬೇಸಿಗೆಯಲ್ಲಿ ಸಾಳುಬಾಯಿ ಮಗನನ್ನು ಕರೆದುಕೊಂಡು ಕೊಂಕಣ ರೈಲಿನಲ್ಲಿ ಬೈಂದೂರಿಗೆ ಬಂದಿಳಿದಳು. ಬುತ್ತಿಯ ಗಂಟು ಕಂಕುಳಲ್ಲಿ, ಮರಿಗೆಂದು ತಾನೇ ನೇಯ್ದ ಕರಿ ಉಣ್ಣೆಯ ಕೊರಳಪಟ್ಟಿ ಕೈಯಲ್ಲಿ. ಚಂದ್ರಮತಿ ಅವಳನ್ನು ಮನೆಗೆ ಕರೆದೊಯ್ಯಲಿಲ್ಲ, ನೇರವಾಗಿ ಸೋಮೇಶ್ವರದ ಕಡಲತೀರಕ್ಕೆ ಕರೆದೊಯ್ದಳು. ಶೆಟ್ಟರು ತಾಯಿ ಮರಿ ಎರಡನ್ನೂ ಹೊಡೆದುಕೊಂಡು ಬಂದು ಅಲ್ಲಿ ಕಾಯುತ್ತಿದ್ದರು. ಕಡಲನ್ನು ಹತ್ತಿರದಿಂದ ಎಂದೂ ಕಾಣದ ಸಾಳುಬಾಯಿ ಒಮ್ಮೆ ಆ ನೀರನ್ನು, ಒಮ್ಮೆ ಮರಿಯನ್ನು ನೋಡಿದಳು. ಮೊದಲು ಯಾವುದನ್ನು ನೋಡಬೇಕೆಂದೇ ಅವಳಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಮೈನಾ ತೆರೆಯ ನೊರೆಗೆ ಬೆಚ್ಚಿ, ಬಾಲ ಎತ್ತಿ, ಒದ್ದೆ ಮರಳಿನ ಮೇಲೆ ಓಟ ಕಿತ್ತಿತು. ಇಬ್ಬರು ಹೆಂಗಸರೂ ಸೀರೆ ಎತ್ತಿ ಸಿಕ್ಕಿಸಿಕೊಂಡು ಅದರ ಹಿಂದೆ ಓಡಿದರು.