ಹದಿನೇಳನೇ ನಂಬರಿನ ಕುಕ್ಕರ್

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಕಲ್ಲೇಶಪ್ಪನವರ ಹೆಂಡತಿ ಪುಷ್ಪಲತಾ ಅವರಿಗೆ ಐವತ್ತು ದಾಟಿದ ಮೇಲೆ ಹುಚ್ಚು ಹಿಡಿಯಿತು. ಹಾಗಂತ ಬೀದಿಗೆಲ್ಲ ಹೇಳಿಕೊಂಡು ಬಂದವರು ಅವರ ಅತ್ತೆ ಸುವರ್ಣಮ್ಮನವರೇ. ಬೇಲೂರಿನಲ್ಲಿ ಮುಚ್ಚಿಹೋದ ಆರ್ಕೆಸ್ಟ್ರಾ ಒಂದರಿಂದ ಸೊಸೆ ಹಳೆಯ ಸಿಂಥಸೈಜರ್ ತಂದದ್ದೇ ತಂದದ್ದು, ಮಹಾತಾಯಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನೋಡಲು ಹಾರ್ಮೋನಿಯಂನ ತಂಗಿ. ಒಳಗೆ ಮಾತ್ರ ತಿದಿಯಿಲ್ಲ, ತಂತಿಯಿಲ್ಲ, ಇರುವುದೆಲ್ಲ ಅಂಕಿ. ಕೀ ಒತ್ತಿದ ತಕ್ಷಣ ಒಂದು ಭಾಗ ಆ ಅಂಕಿಗಳಲ್ಲೇ ಒರಟು ಅಲೆಯೊಂದನ್ನು ಹುಟ್ಟಿಸುತ್ತದೆ. ಮುಂದಿನದು ಫಿಲ್ಟರ್, ಹಿಟ್ಟು ಜರಡಿ ಹಿಡಿದಂತೆ ಬೇಡದ್ದನ್ನು ತಡೆಯುತ್ತದೆ. ದನಿ ಎಷ್ಟು ಬೇಗ ಏರಬೇಕು, ಎಲ್ಲಿ ನಿಲ್ಲಬೇಕು, ಬೆರಳು ತೆಗೆದ ಮೇಲೆ ಹೇಗೆ ಆರಬೇಕು, ಅದನ್ನು ನೋಡಿಕೊಳ್ಳಲು ಇನ್ನೊಂದು ಭಾಗ. ಕೊನೆಗೆ ಅಂಕಿಯೆಲ್ಲ ಕರೆಂಟಾಗಿ ಸ್ಪೀಕರಿಗೆ ಹೋದರೆ ನಾದ ಬಂತು. ಹಾಗೆ ಮಾಡಿದ ದನಿಯನ್ನು ಒಂದೊಂದು ನಂಬರಿನಲ್ಲಿ ಉಳಿಸಿಡಬಹುದು. ಇಷ್ಟು ಅರ್ಥವಾದ ದಿನ ಪುಷ್ಪಲತಾ ಅಡುಗೆಮನೆಯಲ್ಲಿ ಒಬ್ಬರೇ ಕುಣಿದರು.

ಮೂರನೇ ನಂಬರಿನಲ್ಲಿ ರೈಲು ಕೂಗಿತು. ಒಂಬತ್ತರಲ್ಲಿ ಕರಟದೊಳಗಿನ ಕೊಬ್ಬರಿ ಗಲಗಲ ಅಂದಿತು. ಹದಿನೇಳರಲ್ಲಿ ಕುಕ್ಕರ್: ಸುಸ್ಸೆನ್ನುವ ಗಾಳಿ ಶಬ್ದಕ್ಕೆ ಚೂಪಾದ ಅಲೆ ಬೆರೆಸಿದ ಅಪ್ಪಟ ವಿಶಲ್. ಎಡವಟ್ಟಾದದ್ದು ಅಲ್ಲೇ. ಮಗಳು ಸ್ವಾತಿಯನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಪುಷ್ಪಲತಾ ಖುಷಿ ತಡೆಯಲಾರದೆ ಅದನ್ನು ಮೂರು ಸಲ ಒತ್ತಿದರು. ಹಿತ್ತಲಲ್ಲಿ ಬಾಳೆ ಎಲೆ ಕೊಯ್ಯುತ್ತಿದ್ದ ಸುವರ್ಣಮ್ಮ ಮೂರು ಎಣಿಸಿ, ಒಳಗೆ ಬಂದು ಒಲೆ ಆರಿಸಿದರು. ಬೀಗರ ಎಲೆಗೆ ಬಿದ್ದದ್ದು ಅರೆಬೆಂದ ಬೇಳೆ. ಸಂಬಂಧ ಹೇಗೋ ಕುದುರಿತು, ಆದರೆ ಮದುವೆ ಮುಗಿದ ದಿನವೇ ಆ ಸಿಂಥಸೈಜರ್ ಪೆಟ್ಟಿಗೆ ಹಾರನಹಳ್ಳಿಯ ನೆಂಟರ ಮನೆ ಸೇರಬೇಕೆಂದು ಸುವರ್ಣಮ್ಮನವರ ಅಪ್ಪಣೆಯಾಯಿತು.

ಮದುವೆಯ ಬೆಳಿಗ್ಗೆ ಸಿಂಥಸೈಜರ್ ಗೋಣಿಚೀಲ ಸುತ್ತಿಕೊಂಡು ಕಲ್ಯಾಣ ಮಂಟಪದ ಹೊರಗೆ ಟೆಂಪೊದಲ್ಲಿ ಕೂತಿತ್ತು. ಮಗಳನ್ನು ಕಳಿಸುವ ದುಃಖಕ್ಕೂ ಪೆಟ್ಟಿಗೆ ಕಳಿಸುವ ದುಃಖಕ್ಕೂ ಸೇರಿಸಿ ಪುಷ್ಪಲತಾ ಒಂದೇ ಸಲ ಅತ್ತು ಮುಗಿಸಿದ್ದರು. ಅಷ್ಟರಲ್ಲಿ ಓಲಗದ ಭೀಮರಾಜ್ ಬಂದರು. ಒಂದು ಕೆನ್ನೆ ಊದಿಕೊಂಡಿತ್ತು, ಬಾಯಿತುಂಬ ಹತ್ತಿ. ಹಿಂದಿನ ಸಂಜೆ ದವಡೆ ಹಲ್ಲು ಕೀಳಿಸಿ, ಬೆಳಗಾಗುವಷ್ಟರಲ್ಲಿ ಸರಿಹೋಗುತ್ತದೆಂದು ನಂಬಿಕೊಂಡಿದ್ದರಂತೆ. ಡೋಲಿನವರಿದ್ದರು, ನಾದಸ್ವರ ಊದುವವರಿಲ್ಲ. ಅಂದು ಊರಿನ ಎಲ್ಲ ಮಂಟಪಗಳಲ್ಲೂ ಮದುವೆ, ಬೇರೆ ಓಲಗ ಎಲ್ಲಿಂದ ತರುವುದು? ಯಾರೋ ಮೊಬೈಲಿನಲ್ಲಿ ಹಾಕೋಣ ಎಂದರು. ಸುವರ್ಣಮ್ಮ ನೋಡಿದ ನೋಟಕ್ಕೆ ಆ ಮೊಬೈಲು ತೆಪ್ಪಗೆ ಜೇಬು ಸೇರಿತು. ತಾಳಿ ಕಟ್ಟುವ ಗಳಿಗೆಯಲ್ಲಿ ಸೀನೋ ಅಳುವೋ ಯಾರ ಕಿವಿಗೂ ಬೀಳದಂತೆ ಗಟ್ಟಿಮೇಳ ಮೊಳಗಬೇಕು, ಅದೂ ಮದುವೆ ಮಾಡಿಸುವ ಅಯ್ಯನವರು ಕೈಯೆತ್ತಿದ ಕ್ಷಣಕ್ಕೆ ಸರಿಯಾಗಿ.

“ಓಲಗ ಇಲ್ದೆ ತಾಳಿ ಕಟ್ಸಕ್ಕಾಗಲ್ಲ ಕಣ್ರಪ್ಪ,” ಎಂದು ಸುವರ್ಣಮ್ಮ ಕುರ್ಚಿಯಲ್ಲಿ ಕುಸಿದರು.

ಮುಹೂರ್ತಕ್ಕೆ ಮುಕ್ಕಾಲು ಗಂಟೆಯಿತ್ತು. ಪುಷ್ಪಲತಾ ರೇಷ್ಮೆ ಸೀರೆ ಎತ್ತಿಕಟ್ಟಿ ಟೆಂಪೊ ಹತ್ತಿಯೇಬಿಟ್ಟರು.

ಪಕ್ಕದ ಕೋಣೆಯಲ್ಲಿ ಅವರು ಒರಟು ಅಲೆಯೊಂದನ್ನು ತೆಗೆದುಕೊಂಡು ಫಿಲ್ಟರ್ ತಿರುಗಿಸಿದರು. ಭೀಮರಾಜ್ ತಲೆ ಅಲ್ಲಾಡಿಸಿದರು. ಇನ್ನೊಂದು ಮಾಡಿದರು, ಅದಕ್ಕೂ ಅದೇ. ಕೊನೆಗೆ ಭೀಮರಾಜ್ ಅಂಗೈ ಮುಂದೆ ಹಿಡಿದು ಫೂ ಎಂದು ಊದಿ ತೋರಿಸಿ, ನೋವಿಗೆ ಕಣ್ಣಲ್ಲಿ ನೀರು ತಂದುಕೊಂಡರು. ಉಸಿರು! ದನಿಗೆ ಉಸಿರೇ ಇಲ್ಲ! ಉಸಿರು ಹದಿನೇಳರಲ್ಲಿತ್ತು. ಪುಷ್ಪಲತಾ ಕುಕ್ಕರನ್ನೇ ತೆರೆದು, ವಿಶಲ್ಲನ್ನು ಶ್ರುತಿಗೆ ಇಳಿಸಿ, ಸುಸ್ಸನ್ನು ತೆಳುಮಾಡಿ, ಮೇಲೆ ಒರಟು ಅಲೆ ಕೂಡಿಸಿ ಅದೇ ನಂಬರಿಗೆ ಉಳಿಸಿದರು. ಭೀಮರಾಜ್ ಈಗ ತಲೆದೂಗಿದರು. ಪೆಟ್ಟಿಗೆ ಮಂಟಪದಲ್ಲಿ ಡೋಲಿನವರ ಪಕ್ಕ ಬಂದು ಕೂತಿತು.

ಅಯ್ಯನವರು ಕೈಯೆತ್ತಿದರು. ಪುಷ್ಪಲತಾ ಬೆರಳು ಕೀ ಮೇಲೆ, ಭೀಮರಾಜ್ ಬೆರಳು ಫಿಲ್ಟರಿನ ಮೇಲೆ. ತಿರುಗಿಸಿದಷ್ಟೂ ನಾದ ಉಸಿರು ತುಂಬಿಕೊಂಡು ಮೆರೆಯಿತು. ಪಾಪ, ಮೂವತ್ತು ವರ್ಷದ ಅಭ್ಯಾಸ, ಅವರ ಕೆನ್ನೆ ಸುಮ್ಮನಿರದೆ ತಾನೂ ಉಬ್ಬಿತು. ಗಂಡಿನ ಸೋದರಮಾವ ಬಾಯಿ ತೆರೆದು ಸೀನಿದ್ದು ಕಂಡಿತು, ಕೇಳಲಿಲ್ಲ. ಸ್ವಾತಿಯ ಕೊರಳಿಗೆ ತಾಳಿ ಬಿತ್ತು. ಪುಷ್ಪಲತಾಗೆ ತಲೆ ಗಿರ್ರೆನ್ನುವಷ್ಟು ಸಂತೋಷ.

ಸುವರ್ಣಮ್ಮ ತಾಂಬೂಲದ ತಟ್ಟೆ ಹಿಡಿದು ಭೀಮರಾಜ್ ಹತ್ತಿರ ಬಂದರು. ಮಾತಾಡಲಾರದ ಅವರು ಪುಷ್ಪಲತಾ ಕಡೆ ಕೈ ತೋರಿಸಿದರು.

“ಪೆಟ್ಗೆ ಮನೇಲೇ ಇರ್ಲಿ ಪುಷ್ಪಾ,” ಎಂದರು ಅತ್ತೆ. “ಆ ದರಿದ್ರ ಕುಕ್ಕರ್ ಒಂದನ್ನ ಅಳಿಸಾಕು.”

“ಅದು ಆಗ್ಲೇ ಇಲ್ಲ ಅತ್ತೆ. ಅದನ್ನೇ ತಿದ್ದಿ ನಾದಸ್ವರ ಮಾಡ್ದೆ.”

ಸುವರ್ಣಮ್ಮ ಸೊಸೆಯನ್ನೂ ಪೆಟ್ಟಿಗೆಯನ್ನೂ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು.

“ಹಂಗಾರೆ ನನ್ ಮೊಮ್ಮಗಳಿಗೆ ಗಟ್ಟಿಮೇಳ ಊದಿದ್ದು ಕುಕ್ಕರಾ?”

ಮೊದಲು ಕೆಮ್ಮು ಬಂತು, ಆಮೇಲೆ ನಗು. ನಗುವಿಗೆ ತಟ್ಟೆ ವಾಲಿ, ತೆಂಗಿನಕಾಯಿ ಉರುಳಿ ಕೀಗಳ ಮೇಲೆ ಬಿತ್ತು. ಒಮ್ಮೆಗೇ ಎಂಟು ನಾದಸ್ವರ ಕೂಗಿದವು. ಇನ್ನೊಂದು ಗಟ್ಟಿಮೇಳವೆಂದು ಡೋಲಿನವರು ಬಾರಿಸತೊಡಗಿದರು, ಜನ ಕೈಯಲ್ಲಿ ಉಳಿದಿದ್ದ ಅಕ್ಷತೆಯನ್ನು ಅತ್ತೆ ಸೊಸೆಯರ ತಲೆಯ ಮೇಲೆ ಹಾಕಿದರು.